ವೆಬ್‌ಸೈಟಿನ ಹೆಸರು ಕೈಗೆ ಬರುವವರೆಗೆ

ಕೋಮಲ,

ಇಡೀ ಅಥಣಿ ತಾಲ್ಲೂಕಿನ ಬುದ್ಧಿಯನ್ನು ಒಬ್ಬನೇ ಹೊತ್ತು ತಿರುಗುವ ನಿನ್ನ ಗಂಡ ಬ್ಯಾಂಕಿಗೆ ಹೋಗಿದ್ದಾನೆ. ನಮ್ಮ ಒಣದ್ರಾಕ್ಷಿಗೆ ಬೇಕಾದ ವೆಬ್‌ಸೈಟಿನ ಹೆಸರು ಬೇರೆಯವನ ಕೈಯಲ್ಲಿದೆಯಲ್ಲ, ಅದನ್ನು ಕೊಳ್ಳಲು ಈ ವರ್ಷದ ದುಡಿಮೆಯನ್ನೆಲ್ಲ ಇವತ್ತು ನಡುವಿನ ಕಂಪನಿಯಲ್ಲಿ ಇಡುತ್ತಾನೆ. ಹೆಸರು ನಮ್ಮ ಖಾತೆಗೆ ಬಂದ ಮೇಲೆ ನಾವು ಒಪ್ಪಿದರಷ್ಟೇ ಆ ಹಣ ಮಾರುವವನಿಗೆ ಹೋಗುತ್ತದೆ. ಒಪ್ಪಿಗೆಯ ಓಟಿಪಿ ಬರುವುದು ನಿನ್ನ ಫೋನಿಗೆ. ಯಾರಿಗೂ ಹೇಳಬೇಡ.

ಅಪ್ಪ ಸಂತೆಯಲ್ಲಿ ಎತ್ತು ಕೊಳ್ಳುವವರ ಹಾಗೆ, "ಮಾತು ಮುಗದೈತಿ, ಅವಂಗ ಸಂಚಕಾರ ಕಳಿಸಿಬಿಡಲೇ" ಅನ್ನುತ್ತಾರೆ. ಮುಂಗಡವೆಂದು ಒಂದು ಪೈಸೆಯೂ ಅವನಿಗೆ ನೇರವಾಗಿ ಹೋಗಬಾರದು. ಚಹಾ ಕೊಟ್ಟು ಬೇರೆ ಮಾತು ತೆಗೆ. ದ್ರಾಕ್ಷಿ ಶೆಡ್ಡಿನ ಕೀಲಿ ಗೂಟಕ್ಕಿದೆ.

ನಿನ್ನೆ ಹೆಸರು ಮಾರುವ ಆ ಮನುಷ್ಯ ಫೋನಿನಲ್ಲಿ, "ಚನ್ನವ್ವಾರ ಮೊಣಕಾಲ ನೋವು ಹ್ಯಾಂಗೈತ್ರಿ?" ಎಂದ. ಅವ್ವನ ಹೆಸರು ಅವನಿಗೆ ಹೇಳಿದವರು ಯಾರು? ಹುಲಿಯನ್ನೂ ಕಿವಿ ಹಿಡಿದು ಕೂರಿಸುವ ನಿನ್ನ ಗಂಡನೇ ಫೋನನ್ನು ಕಿವಿಯಿಂದ ತೆಗೆದು ನಂಬರನ್ನು ಮತ್ತೊಮ್ಮೆ ನೋಡಿದ. ಆಮೇಲೆ ಆ ಮನುಷ್ಯ, "ಇನ್ನಷ್ಟು ಮಾತಾಡ್ರಿ ಸಾವ್ಕಾರ್ರ, ಕೇಳಾಕ ಚಲೋ ಅನಸ್ತೈತಿ" ಎಂದ. ನಿನ್ನ ಗಂಡ ಉಬ್ಬಿ ತಾಸುಗಟ್ಟಲೆ ಮಾತಾಡಿದ. ಅವನು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿರಬೇಕು. ಈಗ ಧ್ವನಿಯನ್ನೂ ನಕಲು ಮಾಡುತ್ತಾರಂತೆ.

ಕದ ಹಾಕಿಕೋ. ಫೋನಿನಲ್ಲಿ ನಿನ್ನ ಗಂಡನದೇ ಧ್ವನಿ ಬಂದು ಓಟಿಪಿ ಕೇಳಿದರೂ ಕಟ್ ಮಾಡು. ಅದೂ ಒಂದಿಷ್ಟೂ ಬಡಾಯಿ ಕೊಚ್ಚದೆ ಮೆತ್ತಗೆ ಕೇಳಿದರೆ, ಅವನು ನಿನ್ನ ಗಂಡ ಅಲ್ಲವೇ ಅಲ್ಲ.

ನಿನ್ನ ಗಂಡ, ಭರತ