ಬೆಕ್ಕಿನ ಗೆಡ್ಡೆ, ಅಕ್ಕನ ಗೆಡ್ಡೆ

ಟೀವಿಯಲ್ಲಿ ಕ್ಯಾನ್ಸರ್ ಗೆದ್ದು ಬಂದ ಆರೋಗ್ಯ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನಿಮ್ಮ ಮಾತು ನಂಬಿ ನನ್ನ ಅಕ್ಕ ಸತ್ತಳು. ಇದನ್ನು ಮೃದುವಾಗಿ ಹೇಳುವ ದಾರಿ ಹುಡುಕಿದೆ, ಸಿಗಲಿಲ್ಲ.

ಕಳೆದ ರಂಜಾನಿನಲ್ಲಿ ಇಡೀ ಕೈರೋ ಇಫ್ತಾರ್ ಮುಗಿಸಿ ಟೀವಿ ಮುಂದೆ ಕೂತಿದ್ದಾಗ ತಾವು ಒಂದು ಹಳದಿ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಕಾಣಿಸಿಕೊಂಡಿರಿ. ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಗೆಡ್ಡೆಗೆ ಚುಚ್ಚಿ ಮೇಲಿಂದ ಲೇಸರ್ ಬೆಳಕು ಬಿಟ್ಟರೆ ಕಣಗಳು ಬಿಸಿಯಾಗುತ್ತವೆ, ಆ ಕಾವಿಗೆ ಗೆಡ್ಡೆ ಸಾಯುತ್ತದೆ ಎಂದಿರಿ. ಅಷ್ಟರ ಮಟ್ಟಿಗೆ ನಿಜ. ಆ ಬೆಕ್ಕಿಗೆ ಚಿಕಿತ್ಸೆ ಕೊಟ್ಟವಳು ನಾನೇ. ಆದರೆ ಇನ್ನು ಈಜಿಪ್ಟಿನ ಯಾವ ಹೆಣ್ಣುಮಗಳ ಮೈಗೂ ಚಾಕು ತಾಗಬೇಕಿಲ್ಲ ಎಂದಿರಲ್ಲ, ಅದನ್ನು ನಿಮಗೆ ಹೇಳಿದವರು ಯಾರು? ಬೆಕ್ಕೇ? ನಮ್ಮ ಪ್ರಯೋಗಾಲಯವಂತೂ ಹೇಳಿರಲಿಲ್ಲ. ಬೆಳಕು ಮೈಯೊಳಗೆ ಹೆಚ್ಚು ಆಳಕ್ಕಿಳಿಯುವುದಿಲ್ಲ, ನಾವು ಮನುಷ್ಯರ ಮೇಲೆ ಪರೀಕ್ಷೆಯನ್ನೇ ಶುರುಮಾಡಿಲ್ಲ, ಇದೇ ಬೆಕ್ಕಿಗೆ ಇನ್ನೊಂದು ಮಗ್ಗುಲಲ್ಲಿ ಹೊಸ ಗೆಡ್ಡೆ ಎದ್ದಿದೆ ಎಂದು ತಿಳಿಸಿದ್ದೆವು. ತಾವು ಆ ಮಗ್ಗುಲನ್ನು ಕೆಳಗೆ ಮಾಡಿ ಅದನ್ನು ಮಲಗಿಸಿಕೊಂಡಿದ್ದಿರಿ.

ನನ್ನ ಅಕ್ಕ ಇನ್ಶಿರಾಹ್ ಶುಬ್ರಾದ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದಳು. ಎದೆಯಲ್ಲಿ ಸಣ್ಣ ಗೆಡ್ಡೆ. ಈಗಲೇ ತೆಗೆದರೆ ಭಯವಿಲ್ಲ ಎಂದು ವೈದ್ಯರು ಹಬ್ಬ ಕಳೆದ ಮೇಲೆ ಶಸ್ತ್ರಚಿಕಿತ್ಸೆ ಗೊತ್ತುಮಾಡಿದ್ದರು. ನಿಮ್ಮನ್ನು ನೋಡಿದ ಮರುದಿನವೇ ಹೋಗಿ ಬೇಡವೆಂದು ಹೇಳಿ ಬಂದಳು. ನಾನು ಅವಳ ಮನೆಗೆ ಓಡಿದೆ. ಮೊಲೋಖಿಯಾ ಸೊಪ್ಪು ಹೆಚ್ಚುತ್ತ, ತಲೆಯೆತ್ತದೆ ಕೇಳಿದಳು:

"ಬೀದಿ ಬೆಕ್ಕಿಗೆ ಚಿನ್ನ, ಒಡಹುಟ್ಟಿದೋಳಿಗೆ ಚಾಕು. ಇದ್ಯಾವ ನ್ಯಾಯ ಕಣೇ?"

"ಅಕ್ಕ, ಅದನ್ನ ಮಾಡ್ತಿರೋಳು ನಾನು. ಮನುಷ್ಯರಿಗೆ ಇನ್ನೂ ಆಗಲ್ಲ ಅಂತ ನಾನೇ ಹೇಳ್ತಿದೀನಲ್ಲ."

"ನೀನು ದನದ ಡಾಕ್ಟ್ರು. ಅವರು ಸರ್ಕಾರ."

ಈ ಮಾತಿಗೆ ಉತ್ತರ ನಿಮ್ಮಲ್ಲಿದೆಯೇ?

ಬೇಸಿಗೆಯಿಡೀ ಅವಳು ನಿಮ್ಮ ಕಚೇರಿಗೆ ಅಲೆದಳು. ಅಂಥ ಚಿಕಿತ್ಸೆ ಇಲ್ಲ, ಆಸ್ಪತ್ರೆಗೆ ಹೋಗಮ್ಮ ಎಂದು ನಿಮ್ಮವರು ಒಮ್ಮೆಯೂ ಹೇಳಲಿಲ್ಲ. ದೇವರಿಚ್ಛೆಯಿದ್ದರೆ ಬರುವ ವಾರ, ಎಂದರು. ನಿಮ್ಮ ಸುಳ್ಳಿಗೆ ದೇವರ ಹೆಸರನ್ನೂ ಸಾಕ್ಷಿಗೆ ಎಳೆದಿರಿ. ಕಂಕುಳಲ್ಲಿ ಗಂಟು ಕಂಡಾಗ ಅಕ್ಕ ತಾನಾಗಿಯೇ ಹೆದರಿ ನನ್ನ ಜೊತೆ ಆಸ್ಪತ್ರೆಗೆ ಹೊರಟಳು. ಅಷ್ಟರಲ್ಲಿ ರೋಗ ಯಕೃತ್ತಿಗೆ ಹರಡಿತ್ತು. ಕೊನೆಯವರೆಗೂ ಅವಳು ನಿಮ್ಮನ್ನು ಬೈಯಲಿಲ್ಲ. "ಆ ಮನುಷ್ಯ ಎಷ್ಟು ಚೆನ್ನಾಗಿ ಮಾತಾಡ್ದ ಅಲ್ವಾ," ಎಂದಳು, ಅಷ್ಟೇ. ಚಳಿಗಾಲದಲ್ಲಿ ಅವಳನ್ನು ಮಣ್ಣು ಮಾಡಿದೆವು.

ನನಗೆ ನಿಮ್ಮ ಸಂತಾಪ ಬೇಡ, ರಾಜೀನಾಮೆಯೂ ಬೇಡ. ಅದೇ ಕಾರ್ಯಕ್ರಮಕ್ಕೆ ಹೋಗಿ, ಜನ ಕೂತು ನೋಡುವ ಅದೇ ಹೊತ್ತಿನಲ್ಲಿ, ನಾನು ತಪ್ಪು ಹೇಳಿದೆ ಎನ್ನಿ. ಈ ಚಿಕಿತ್ಸೆ ನಮ್ಮಲ್ಲಿ ಪ್ರಾಣಿಗಳ ಮೇಲಷ್ಟೇ ನಡೆದಿದೆ, ವೈದ್ಯರು ಹೇಳಿದ ಶಸ್ತ್ರಚಿಕಿತ್ಸೆಯನ್ನು ಯಾರೂ ಬಿಡಬೇಡಿ ಎನ್ನಿ. ನಿನ್ನೆ ಮನ್ಸೂರಾದಿಂದ ಒಬ್ಬಾತ ನಮ್ಮ ಪ್ರಯೋಗಾಲಯಕ್ಕೆ ಫೋನ್ ಮಾಡಿದ್ದ. ಹೆಂಡತಿ ಆಪರೇಷನ್ ಮುಂದಕ್ಕೆ ಹಾಕಿ ಕೂತಿದ್ದಾಳಂತೆ. ಚಿನ್ನದ ಸೂಜಿ ಯಾವಾಗ ಬರುತ್ತದೆ ಎಂದು ಕೇಳಿದ. ಬರುವುದಿಲ್ಲ ಎಂದೆ. ಅವನು ನಂಬಲಿಲ್ಲ. ನೀವು ಹೇಳಿದರೆ ನಂಬುತ್ತಾನೆ. ಬೇಗ ಹೇಳಿ.

ಇಂತಿ,
ನಿಮ್ಮ ಬದಲು 'ಇಲ್ಲ' ಹೇಳಿ ಹೇಳಿ ಸೋತ
ಸಫೀನಾಜ್, ಪಶುವೈದ್ಯೆ, ಗೀಜಾ