ಹನ್ನೊಂದು ತಿಂಗಳಿಗೊಮ್ಮೆ ಕೊಡುವ ಕೀಲಿ

ಅಂಗಡಿ ಕರಾರುಗಳನ್ನು ನೋಂದಾಯಿಸುವ ಅಧಿಕಾರಿಗಳೇ,

ನನ್ನ ಅವ್ವ ಚನಬಸವ್ವ ಆರು ವರ್ಷ ನಡೆಸಿದ ಖಾನಾವಳಿಯ ಜಾಗದ ಮೇಲೆ ಅವಳಿಗೆ ಯಾವ ಹಕ್ಕೂ ಇಲ್ಲ. ಎಂದೂ ಇರಲಿಲ್ಲ ಎಂದು ನಿಮ್ಮ ಮುದ್ರೆ ಬಿದ್ದ ಕಾಗದ ಹೇಳುತ್ತದೆ. ಈ ವಿಷಯ ಸಹಿ ಹಾಕಿದ ಅವಳಿಗೇ ಗೊತ್ತಿರಲಿಲ್ಲ.

ನಿಮ್ಮ ಮರಾಠಿ ನಾಡಿನ ಚಿಕಲಠಾಣಾದಲ್ಲಿ, ಕಾರ್ಖಾನೆಗಳ ಹಿಂದಿನ ರಸ್ತೆಯಲ್ಲಿ ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹನ್ನೊಂದು ತಿಂಗಳಿಗೊಮ್ಮೆ ಒಂದು ದಿನ ಅಂಗಡಿ ಮುಚ್ಚಿ ಮಾಲಕರಿಗೆ ಕೀಲಿ ಕೊಡಬೇಕು. ಮರುದಿನ ಹೊಸ ಕರಾರು, ಅದೇ ಕೀಲಿ. ಯಾಕೆಂದು ಯಾರೂ ಹೇಳಲಿಲ್ಲವಾದ್ದರಿಂದ ಅವ್ವ ಇದನ್ನೊಂದು ಶಾಸ್ತ್ರವೆಂದೇ ತಿಳಿದಳು. ಕೀಲಿಗೆ ಕುಂಕುಮ ಹಚ್ಚಿ, ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿಟ್ಟು ಕೊಡುತ್ತಿದ್ದಳು.

"ಏನಬೇ ಇದು, ಬೀಗರಿಗೆ ಕೊಟ್ಟಂಗ?" ಎಂದು ನಾನು ನಕ್ಕರೆ, "ಸುಮ್ನಿರು. ಜಾಗಾ ಕೊಟ್ಟವರಿಗೆ ಮರ್ಯಾದಿ ಬ್ಯಾಡೇನು?" ಎನ್ನುತ್ತಿದ್ದಳು.

ಈ ಸಲ ಮರುದಿನ ಕೀಲಿ ಬರಲಿಲ್ಲ. ಮಾಲಕರು ಸೌಜನ್ಯವಂತರು. "ಮೌಶಿ, ಚಾವಿ ತರ ತುಮ್ಹೀಚ ದಿಲೀತ ನಾ?" ಎಂದರು. ಹೌದು, ಕೀಲಿ ಕೊಟ್ಟವಳು ಅವಳೇ. ದಿನಾ ಉಣ್ಣಲು ಬರುವ ಗೌಂಡಿ ಮಹಿಬೂಬ ಬೀಗ ನೋಡಿ, "ಅಕ್ಕಾರ, ನಮ್ಮ ಹೊಟ್ಟೀನೂ ಕರಾರಿನ್ಯಾಗ ಬರದು ಕೊಟ್ರೇನ್ರಿ?" ಎಂದ.

ಆಮೇಲೆ ನಾನು ಕಾಯಿದೆಯ ಪುಸ್ತಿಕೆಗಳನ್ನು ತಂದು ಓದಿದೆ. ಅವ್ವ ಬಾಡಿಗೆದಾರಳೇ ಅಲ್ಲವಂತೆ. 'ಲೀವ್ ಅಂಡ್ ಲೈಸೆನ್ಸ್' ಎಂದರೆ ಜಾಗ ಬಳಸಲು ಅನುಮತಿ ಮಾತ್ರ. ಆ ಒಂದು ದಿನದ ಬೀಗವು ಅವಳು ಜಾಗ ಬಿಟ್ಟುಹೋದಳೆಂಬುದಕ್ಕೆ ಸಾಕ್ಷಿ. ಅಂದರೆ ಪ್ರತಿ ಸಲವೂ ತನ್ನ ವಿರುದ್ಧದ ಸಾಕ್ಷ್ಯಕ್ಕೆ ತಾನೇ ಕುಂಕುಮ ಹಚ್ಚಿ ಒಪ್ಪಿಸಿದ್ದಾಳೆ. ಕಾನೂನಿನೊಂದಿಗೆ ಇಷ್ಟು ಭಕ್ತಿಯಿಂದ ಸಹಕರಿಸಿದ ಇನ್ನೊಬ್ಬ ನಾಗರಿಕಳನ್ನು ನೀವು ಕಂಡಿದ್ದೀರಾ?

ನೀವು ಕರ್ತವ್ಯ ತಪ್ಪಿದಿರೆಂದು ನಾನು ಹೇಳುವುದಿಲ್ಲ. ಅವಳ ಫೋಟೊ ತೆಗೆಸಿದಿರಿ, ಹೆಬ್ಬೆರಳನ್ನು ಯಂತ್ರಕ್ಕೆ ಒತ್ತಿಸಿದಿರಿ, ಸಹಿ ನಿಮ್ಮದೇ ಏನು ಎಂದು ಕೇಳಿದಿರಿ. ಸಹಿ ಅವಳದೇ, ಮೇಲಿನ ಮರಾಠಿ ಬರಹ ಮಾತ್ರ ಅವಳಿಗೆ ಓದಲು ಬಾರದು. ಬೆರಳು ಯಾರದೆಂದು ಇಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸುವ ಸರ್ಕಾರಕ್ಕೆ, ಆ ಬೆರಳಿನ ಒಡತಿಗೆ ಏನು ತಿಳಿದಿದೆ ಎಂಬ ಕುತೂಹಲವೇ ಇಲ್ಲವೇ?

ನನ್ನ ಬೇಡಿಕೆ ಇಷ್ಟು. ಮುದ್ರೆ ಒತ್ತುವ ಮುನ್ನ, ಇದು ಬಾಡಿಗೆಯೋ ಬರಿಯ ಅನುಮತಿಯೋ, ಕೀಲಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಸಹಿ ಹಾಕುವವರ ಭಾಷೆಯಲ್ಲಿ ಓದಿ ಹೇಳಿಸಿ. ಅವ್ವನಿಂದಲೇ ಶುರುಮಾಡಿ: ಅವಳನ್ನೂ ಮಾಲಕರನ್ನೂ ಎದುರಿಗೆ ಕೂರಿಸಿ ವಿಚಾರಿಸಿ.

ಈ ಪತ್ರ ಕನ್ನಡದಲ್ಲಿದೆ. ನಿಮಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಒಪ್ಪಿದ್ದೇನೆ ಎಂದು ಕೆಳಗೊಂದು ಸಹಿ ಹಾಕಿ ಕಳಿಸಿ. ನಮ್ಮವ್ವ ಹಾಕಿದ್ದೂ ಹಾಗೆಯೇ.

ಇಂತಿ,
ಬೀಗ ಬಿದ್ದ ಖಾನಾವಳಿಯ ಎದುರು, ರಸ್ತೆಯಲ್ಲಿ ನಿಂತು ಬುತ್ತಿ ಮಾರುತ್ತಿರುವವಳ ಮಗಳು,
ಮಂಜುಳಾ