ರಾಣಿಯ ಉಳಿದ ಕಂತುಗಳು

ಅಕ್ಕಾ,

ಆ ಹಳೆಯ ಕೊರಿಯನ್ ಅರಮನೆ ಧಾರಾವಾಹಿಯ ಡಿಸ್ಕ್‌ಗಳು ನಿನಗೆ ಸಿಕ್ಕವಂತೆ. ದಮ್ಮಯ್ಯ, ಮನೆಗೆ ಕಳಿಸಬೇಡ, ನನ್ನ ಹೊಲಿಗೆ ಅಂಗಡಿಗೆ ಕಳಿಸು.

ನೆಟ್‌ನಲ್ಲಿ ಹುಡುಕಿ ಹುಡುಕಿ ಸಾಕಾಯಿತು. ರಾಜಮಾತೆ ಸೊಸೆರಾಣಿಯ ಕೈಗೆ ವಿಷದ ಬಟ್ಟಲು ಕೊಡುವ ಕಂತಿಗೇ ನಿಂತಿದೆ. ಮುಂದಿನದೆಲ್ಲ ತೆಗೆದುಬಿಟ್ಟಿದ್ದಾರೆ, ಹಾಳಾದವರು! ಅತ್ತೆಗೆ ಸಬ್‌ಟೈಟಲ್ ಓದಿ ಹೇಳುತ್ತಿದ್ದವಳು ನಾನು. "ಆಮೇಲೇನಾಯ್ತೇ?" ಎಂದು ಪ್ರಾಣ ತಿಂದರು. ಉಳಿದದ್ದನ್ನು ಫೋನಿನಲ್ಲಿ ಓದಿದೆನೆಂದು ಸುಳ್ಳು ಹೇಳಿ, ದಿನಕ್ಕೊಂದು ಕಂತು ನಾನೇ ಕಟ್ಟಿ ಹೇಳುತ್ತಿದ್ದೇನೆ.

ನನ್ನ ಕಥೆಯಲ್ಲಿ ರಾಜಮಾತೆಯ ಮನಸ್ಸು ಕರಗಿದೆ. ಮೊನ್ನೆ ಸೊಸೆಗೆ ತಾನೇ ಚಹಾ ಮಾಡಿಕೊಟ್ಟಳು.

ನಿನ್ನೆ ಬೆಳಿಗ್ಗೆ ನಮ್ಮತ್ತೆ ಒಂದು ಲೋಟ ತಂದು ನನ್ನ ಮುಂದಿಟ್ಟು, "ಆರೋಗುತ್ತೆ, ಕುಡಿಯೇ. ವಿಷ ಹಾಕಿಲ್ಲ" ಎಂದರು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅತ್ತೆ ಕೈಯ ಚಹಾ ಕುಡಿದ,
ನಿನ್ನ ತಂಗಿ